ಸ್ಪಷ್ಟನೆ: ಮೊಲಾಯಿ ಕಾಡು 1,360 ಹೆಕ್ಟೇರ್ ಅಲ್ಲ, ಎಕರೆ

ಅಸ್ಸಾಮಿನ ಜಾದವ್ ಪಾಯೆಂಗ್ ಬ್ರಹ್ಮಪುತ್ರದ ಬರಡು ಮರಳ ದಿಬ್ಬದಲ್ಲಿ ಒಬ್ಬರೇ 1,360 ಹೆಕ್ಟೇರ್ ಮೊಲಾಯಿ ಕಾಡು ಬೆಳೆಸಿದರು ಅಂತ ನಾನು ಹಾಕಿದ್ದ ಮೆಸೇಜ್ ಈಗ ಹಲವು ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಅಳತೆ ತಪ್ಪು, ಕ್ಷಮಿಸಿ. ಕಾಡು ಇರುವುದು ಸುಮಾರು 550 ಹೆಕ್ಟೇರ್. ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ. ಹಾಗಾಗಿ 1,360 ಅನ್ನುವುದು ಎಕರೆ ಲೆಕ್ಕ.

ಶುರುವಿನಿಂದ ಒಬ್ಬರೇ ಅನ್ನುವುದೂ ಪೂರ್ತಿ ಸರಿಯಲ್ಲ. 1980ರ ಸುಮಾರಿಗೆ ಅಲ್ಲಿ ಸರ್ಕಾರದ ಗಿಡ ನೆಡುವ ಯೋಜನೆಯಿತ್ತು, ಅವರು ಅದರಲ್ಲಿ ಕೂಲಿ ಮಾಡುತ್ತಿದ್ದರು. ಯೋಜನೆ ಮುಗಿದ ಮೇಲೆ ಉಳಿದವರು ಹೊರಟರು. ಪಾಯೆಂಗ್ ಮಾತ್ರ ಅಲ್ಲೇ ನಿಂತು ದಶಕಗಟ್ಟಲೆ ಗಿಡ ನೆಟ್ಟರು. ನನಗಂತೂ ಇದೇ ಜಾಸ್ತಿ ದೊಡ್ಡದು ಅನ್ನಿಸುತ್ತದೆ. ಅವರಿಗೆ 2015ರಲ್ಲಿ ಪದ್ಮಶ್ರೀ ಬಂತು ಅಂತ ಆ ಮೆಸೇಜಿನಲ್ಲಿದ್ದ ವಿಷಯ ಸರಿಯಾಗಿಯೇ ಇದೆ.

ಹಳೆಯ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.