ಎಕ್ಸ್‌ರೇ ನಾರ್ಮಲ್ ಅಂತೆ!

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆಯದಿದ್ದರೆ ಮನೆಯವರ ಮೇಲೆ ರೇಗುತ್ತೇನೆ.

ಚಿಕ್ಕಮಗಳೂರಿನ ಒಂದು ಕ್ಲಿನಿಕ್ಕು. ಹೆಸರು ಬೇಡ. ನನಗಿಂತ ಮುಂದೆ ತೋಟದ ಕೆಲಸದ ಹೆಂಗಸೊಬ್ಬರು. ದೀಪಾವಳಿ ಹೊತ್ತಿಗೆ ಇಳಿಜಾರಿನಲ್ಲಿ ಕಾಲು ಉಳುಕಿದೆ, ಕಾಫಿ ಕೊಯ್ಲು ಮುಗಿಯುತ್ತಾ ಬಂದರೂ ಕುಂಟುತ್ತಿದ್ದಾರೆ. ಡಾಕ್ಟರು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದರು. "ಏನೂ ಆಗಿಲ್ಲಮ್ಮ, ಎಕ್ಸ್‌ರೇ ನಾರ್ಮಲ್." ನೋವಿನ ಮಾತ್ರೆ, ಕ್ರೇಪ್ ಬ್ಯಾಂಡೇಜು, ಮುಗೀತು. ಆಕೆ ಸೀರೆ ಅಂಚು ಮೇಲೆತ್ತಿ ಕಾಲು ಮುಂದೆ ಚಾಚಿದ್ದರು. ಚಾಚಿದ್ದು ಹಾಗೇ ಉಳಿಯಿತು. ಯಾರೂ ಮುಟ್ಟಲಿಲ್ಲ.

ನನ್ನ ಕಾಲಿನ ಪುರಾಣವೂ ಇದೇ. ಮುಳ್ಳಯ್ಯನಗಿರಿ ಮೆಟ್ಟಿಲಲ್ಲಿ ಪಾದ ಹೊರಳಿತು, ಟಪ್ ಅಂತ ಸದ್ದು. ನನ್ನನ್ನೂ ಇದೇ ಮಾತು ಹೇಳಿ ಕಳಿಸಿದ್ದರು.

ಸ್ವಾಮಿ, ಎಕ್ಸ್‌ರೇಯಲ್ಲಿ ಕಾಣೋದು ಮೂಳೆ. ಪಾದ ಒಳಕ್ಕೆ ಹೊರಳಿದಾಗ ಸಾಮಾನ್ಯವಾಗಿ ಮೊದಲು ಹರಿಯೋದು ಕಾಲಿನ ಹೊರಗಿನ ಗಿಣ್ಣಿನ ಮುಂದಿರುವ ಲಿಗಮೆಂಟು, ಅಂದರೆ ಮೂಳೆಗೆ ಮೂಳೆ ಕಟ್ಟುವ ಗಟ್ಟಿ ಪಟ್ಟಿ. ಅದು ಎಕ್ಸ್‌ರೇಗೆ ಕಾಣುವುದೇ ಇಲ್ಲ. ಕೆನಡಾದವರು 1992ರಲ್ಲೇ ಒಟ್ಟಾವ ನಿಯಮ ಅಂತ ಬರೆದಿಟ್ಟರು: ಗಿಣ್ಣಿನ ಮೂಳೆ ಒತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಎಕ್ಸ್‌ರೇ ಬೇಕಾ ಅಂತ ಆಮೇಲೆ ಹೇಳಿ. ಅಂದರೆ ಫಿಲ್ಮಿಗಿಂತ ಮೊದಲು ಬೆರಳು!

ನನ್ನ ಕಾಲನ್ನು ಸರಿಯಾಗಿ ನೋಡಿದ್ದು ಫಿಸಿಯೋಥೆರಪಿ ಹುಡುಗಿ. ಒಂದು ಕೈಯಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಹಿಡಿದು, ಇನ್ನೊಂದರಲ್ಲಿ ಹಿಮ್ಮಡಿಯನ್ನು ಮುಂದಕ್ಕೆಳೆದಳು. ಒಳ್ಳೆ ಕಾಲಿಗಿಂತ ಪೆಟ್ಟಾದ ಕಾಲು ಜಾಸ್ತಿ ಜಾರಿತು. ಲಿಗಮೆಂಟು ಸಡಿಲ. ಗಿಣ್ಣಿನ ಹಿಂದೆ ನೋವಿದ್ದರೆ ಟೆಂಡನ್‌ಗೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗೆ, ಪೆಟ್ಟಾಗಿರಬಹುದು. ಕೀಲಿನೊಳಗೆ ಆಳದಲ್ಲಿ ನೋವು, ಸಿಕ್ಕಿಕೊಂಡ ಹಾಗೆ ಆಗುವುದು ಇದ್ದರೆ ಮೂಳೆ ಮೇಲಿನ ಮೆತ್ತನೆ ಪದರಕ್ಕೆ ಪೆಟ್ಟಾಗಿರಬಹುದು, ಆಗ ಎಂಆರ್‌ಐ ಸ್ಕ್ಯಾನ್.

"ಹೆಚ್ಚಿನ ಉಳುಕು ತಾನಾಗೇ ವಾಸಿಯಾಗುತ್ತೆ" ಅಂತ ಕಾಮೆಂಟ್ ಹಾಕಲು ಒಬ್ಬರು ರೆಡಿ ಇರುತ್ತೀರಿ. ಆಗುತ್ತೆ, ಯಾರು ಇಲ್ಲ ಅಂದರು? ಆರೇಳು ವಾರ ಕಳೆದರೂ ಆಗದವರ ಮಾತು ಇದು. ಡಾಕ್ಟರಿಗೆ ಟೈಮಿಲ್ಲವಾ? ಒತ್ತಿ ನೋಡೋಕೆ ಅರ್ಧ ನಿಮಿಷ ಸಾಕು. ನಮ್ಮತ್ತೆ ಹೇಳುವ ಎಣ್ಣೆ ತಿಕ್ಕುವವರ ಕೈಗೆ ನಾನು ಕಾಲು ಕೊಡಲ್ಲ. ಆದರೆ ಅವರು ಕನಿಷ್ಠ ಕಾಲು ಹಿಡಿದು ನೋಡುತ್ತಾರೆ ಅಲ್ವಾ?

ಚಿಕಿತ್ಸೆ ದೊಡ್ಡ ಮಾಯೆಯೇನಲ್ಲ. ರಬ್ಬರ್ ಬ್ಯಾಂಡ್ ಕಟ್ಟಿ ಪಾದ ಹೊರಕ್ಕೆ ತಳ್ಳುವುದು, ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಲಿಗಮೆಂಟಿಗೆ ಪೆಟ್ಟಾದರೆ ಪಾದ ಎಲ್ಲಿದೆ ಅನ್ನುವ ಅರಿವೂ ಮಂಕಾಗುತ್ತದೆ, ಅದಕ್ಕೇ ಮತ್ತೆ ಮತ್ತೆ ಹೊರಳೋದು. ತಿಂಗಳುಗಟ್ಟಲೆ ಇದನ್ನೆಲ್ಲ ಮಾಡಿಯೂ ಸರಿಹೋಗದಿದ್ದರೆ ಮಾತ್ರ ಆಪರೇಷನ್ ಮಾತು. ನಗಬೇಡಿ, ನಾನು ಈಗಲೂ ಒಂಟಿ ಕಾಲಲ್ಲೇ ಹಲ್ಲುಜ್ಜೋದು. ಮನೆಯಲ್ಲಿ ನನಗೆ ಕೊಕ್ಕರೆ ಅಂತ ಹೆಸರು.

ಮುಂದಿನ ಸಲ ಯಾರಾದರೂ "ನಾರ್ಮಲ್" ಅಂದರೆ ಎದ್ದು ಬರಬೇಡಿ. ಸಾರ್, ಇಲ್ಲಿ ಒಂಚೂರು ಒತ್ತಿ ನೋಡಿ ಅನ್ನಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಫೀಸು ಸುಮ್ನೆ ಕೊಟ್ಟಿದ್ದೀವಾ?