ಇದಕ್ಕೇನು ಸಾರ್, ಹೋಗಿ

ಬ್ಯಾಗಿನ ಜಿಪ್ಪು ಮುಂದೆ ಮುಚ್ಚುತ್ತಾ ಹೋದ ಹಾಗೆ ಹಿಂದೆ ಬಾಯಿ ಬಿಡುತ್ತಿತ್ತು. ಎಳೆದೆ, ಬೈದೆ, ಮತ್ತೆ ಎಳೆದೆ. ಮೇಣದಬತ್ತಿ ಉಜ್ಜಿದೆ. ಸೀಸದ ಕಡ್ಡಿ ಉಜ್ಜಿದೆ. ಆಮೇಲೆ ಅದು ಮೊದಲಿಗಿಂತ ನಯವಾಗಿ ಬಾಯಿ ಬಿಡತೊಡಗಿತು. ಪಿನ್ನು ಹಾಕಿಕೊಂಡು ನಾಲ್ಕು ದಿನ ಓಡಾಡಿದೆ. ಐದನೇ ದಿನ ಪಿನ್ನು ನನ್ನ ಹೆಬ್ಬೆರಳಿಗೇ ನಾಟಿತು. ಬ್ಯಾಗ್ ರಿಪೇರಿ ಮಾಡುವವರ ಮುಂದೆ ಹೋಗಿ ನಿಂತೆ.

ನಿಂತದ್ದು ಜಗಳಕ್ಕೆ ತಯಾರಾಗಿಯೇ. ರಿಪೇರಿ ಅಂದರೆ ನನಗೆ ಗೊತ್ತಿರುವ ಕ್ರಮ ಒಂದೇ. ಮೊದಲು ವಸ್ತುವನ್ನು ತಿರುಗಿಸಿ ನೋಡಿ ಲೊಚಗುಟ್ಟುತ್ತಾರೆ. ಆಮೇಲೆ 'ಪೂರ್ತಿ ಚೇಂಜ್ ಮಾಡಬೇಕಾಗುತ್ತೆ' ಅನ್ನುತ್ತಾರೆ. ಆಮೇಲೆ 'ಇದನ್ನ ಮೊದಲು ಯಾರ ಹತ್ರ ಕೊಟ್ಟಿದ್ರಿ?' ಅಂತ ಕೇಳುತ್ತಾರೆ, ಹಿಂದೆ ಕೈ ಹಾಕಿದವನು ಕೊಲೆಗಾರ ಅನ್ನುವ ದನಿಯಲ್ಲಿ. ಮೂರಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ. ಸ್ವಲ್ಪ ಖಾರವಾದ ಉತ್ತರಗಳೇ.

ಅವರು ಲೊಚಗುಟ್ಟಲಿಲ್ಲ. ಜಿಪ್ಪನ್ನು ಒಂದು ಸಲ ಆಚೆ ಈಚೆ ಓಡಿಸಿದರು. 'ಹಲ್ಲು ಚೆನ್ನಾಗಿದೆ ಸಾರ್. ರನ್ನರ್ ಬಾಯಿ ಅಗಲ ಆಗಿದೆ, ಅಷ್ಟೇ' ಅಂದರು. ಇಕ್ಕಳ ತೆಗೆದು ರನ್ನರಿನ, ಅಂದರೆ ಹಲ್ಲುಗಳ ಮೇಲೆ ಓಡುವ ಆ ತುಂಡಿನ, ಒಂದು ಅಂಚನ್ನು ಚೂರು ಒತ್ತಿದರು, ಇನ್ನೊಂದನ್ನು ಚೂರು ಒತ್ತಿದರು. ಎಳೆದರು. ಜರ್ರ್. ಮುಚ್ಚಿತು. ಮುಚ್ಚಿಯೇ ಇತ್ತು.

'ಎಷ್ಟಾಯ್ತು ಯಜಮಾನ್ರೇ?'

'ಇದಕ್ಕೇನು ಸಾರ್, ಹೋಗಿ.'

ಹೋಗಿ ಅಂದರೆ ಹೇಗೆ ಹೋಗುವುದು? ಕಟ್ಟಿಕೊಂಡು ಬಂದ ಜಗಳ ಹಾಗೇ ಉಳಿದಿದೆ. ಅದನ್ನು ಇಳಿಸಲು ಜಾಗವಿಲ್ಲ. ಏನಾದರೂ ಹೇಳಬೇಕಲ್ಲ. 'ಥ್ಯಾಂಕ್ಸ್' ಅಂದರೆ ಲಿಫ್ಟಿನ ಬಾಗಿಲು ಹಿಡಿದವರಿಗೆ ಅಂದಷ್ಟೇ ಆಯಿತು. 'ಧನ್ಯವಾದಗಳು' ಅಂದರೆ ವಂದನಾರ್ಪಣೆ ಶುರುವಾದ ಹಾಗೆ, ಕೇಳಿದವರು ಕುರ್ಚಿಯಿಂದ ಏಳಲು ನೋಡುತ್ತಾರೆ. ಎರಡರ ನಡುವೆ ಕನ್ನಡದಲ್ಲಿ ಒಂದು ಪದ ಬೇಕಿತ್ತು. ಸಿಗಲಿಲ್ಲ. 'ಬರ್ತೀನಿ' ಅಂದೆ. ಅವರು ಆಗಲೇ ಯಾರದೋ ಚಪ್ಪಲಿ ಕೈಗೆತ್ತಿಕೊಂಡಿದ್ದರು.

ಮನೆಗೆ ಬಂದು ಸುಮ್ನೆ ಕೂರಲಾಗದೆ ಜಿಪ್ಪಿನ ಚರಿತ್ರೆ ಓದಿದೆ. ಋಣ ತೀರಿಸಲು ಆಗದವನು ಪುಸ್ತಕ ಹಿಡಿಯುತ್ತಾನೆ ಅಂತ ಕಾಣುತ್ತದೆ. ವಿಟ್‌ಕಂಬ್ ಜಡ್ಸನ್ ಎನ್ನುವ ಅಮೆರಿಕದವರು 1893ರಲ್ಲಿ ಒಂದು ಕೊಂಡಿಸಾಲಿಗೆ ಪೇಟೆಂಟ್ ಪಡೆದರು. ಅದು ಬೂಟಿಗೆಂದು ಮಾಡಿದ್ದು. ಅದೇ ವರ್ಷ ಶಿಕಾಗೋದ ದೊಡ್ಡ ಪ್ರದರ್ಶನದಲ್ಲಿ ಇಟ್ಟರು, ಜನ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಳ್ಳಲು ಕಾರಣವೂ ಇರಲಿಲ್ಲ. ಅವರ ಕೊಂಡಿಗಳು ಬೇಡದ ಹೊತ್ತಿನಲ್ಲಿ ಬಿಚ್ಚಿಕೊಳ್ಳುತ್ತಿದ್ದವು. ಅಂದರೆ ನನ್ನ ಬ್ಯಾಗಿನ ಕಾಯಿಲೆ ಹುಟ್ಟಿನಿಂದಲೇ ಬಂದದ್ದು. ಜಡ್ಸನ್ 1909ರಲ್ಲಿ ತೀರಿಕೊಂಡರು, ನೆಟ್ಟಗೆ ಮುಚ್ಚುವ ಜಿಪ್ಪನ್ನು ಕಾಣದೆಯೇ. ಆಮೇಲೆ ಸ್ವೀಡನ್ನಿನಿಂದ ಬಂದಿದ್ದ ಗಿಡಿಯನ್ ಸುಂಡ್‌ಬ್ಯಾಕ್ ಎನ್ನುವ ಎಂಜಿನಿಯರ್ ಕೂತು ಒದ್ದಾಡಿ, 1913ರಲ್ಲಿ ಅಂಗುಲಕ್ಕೆ ನಾಲ್ಕಿದ್ದ ಕೊಂಡಿಯನ್ನು ಹತ್ತಕ್ಕೆ ಏರಿಸಿದರು. ಪ್ರತಿ ಹಲ್ಲಿಗೂ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಗುಳಿ. ಒಂದರ ಉಬ್ಬು ಎದುರಿನದರ ಗುಳಿಯಲ್ಲಿ ಕೂರಬೇಕು. ಕೂರಿಸುವುದು ರನ್ನರಿನ ಕೆಲಸ. ಅದರ ಬಾಯಿ ಒಂದು ಕೂದಲೆಳೆ ಅಗಲವಾದರೂ ಹಲ್ಲುಗಳು ಪರಸ್ಪರ ಮುಖ ನೋಡಿಕೊಂಡು ಸುಮ್ಮನೆ ನಿಲ್ಲುತ್ತವೆ, ಮಾತು ಬಿಟ್ಟ ದಾಯಾದಿಗಳ ಹಾಗೆ.

ಇನ್ನು ಹೆಸರು. 1923ರಲ್ಲಿ ಗುಡ್‌ರಿಚ್ ಎಂಬ ಕಂಪನಿ ಇದನ್ನು ರಬ್ಬರ್ ಬೂಟಿಗೆ ಹಾಕಿ 'ಜಿಪ್ಪರ್' ಅಂತ ಕರೆಯಿತು. ಎಳೆದಾಗ ಬರುವ ಸದ್ದಿನಿಂದ ಬಂದ ಹೆಸರಂತೆ. ನನಗೆ ಇದರಲ್ಲಿ ತಕರಾರಿದೆ. ಎಷ್ಟು ಸಲ ಎಳೆದರೂ ನನ್ನ ಕಿವಿಗೆ 'ಜಿಪ್' ಕೇಳುವುದಿಲ್ಲ, 'ಜರ್ರ್' ಅಂತಲೇ ಕೇಳುತ್ತದೆ. ಸದ್ದಿನ ಪದಗಳಲ್ಲಿ ನಮ್ಮನ್ನು ಮೀರಿಸುವವರು ಕಡಿಮೆ. ದಬಕ್ಕನೆ ಬೀಳುತ್ತೇವೆ, ಪುಸಕ್ಕನೆ ನಗುತ್ತೇವೆ, ಸರಕ್ಕನೆ ತಿರುಗುತ್ತೇವೆ. ನಮ್ಮನ್ನು ಕೇಳಿದ್ದರೆ 'ಜರ್ರಕ' ಅಂತ ಚೆಂದದ ಹೆಸರು ಕೊಡುತ್ತಿದ್ದೆವು. ಕೇಳಲಿಲ್ಲ. ಇರಲಿ.

ಎಲ್ಲಿದ್ದೆ? ಹಾಂ, ಹೊಲಿಗೆ. ಅದನ್ನು ಇನ್ನೂ ಹೇಳಿಯೇ ಇಲ್ಲ.

ಹದಿನೈದು ದಿನ ಬಿಟ್ಟು ಬ್ಯಾಗನ್ನು ತಲೆಕೆಳಗು ಮಾಡಿ ಕೊಡವುತ್ತಿದ್ದೆ. ತಳದ ಮೂಲೆಯಲ್ಲಿ ನೀಲಿ ದಾರದ ಹೊಸ ಹೊಲಿಗೆ, ಅರ್ಧ ಬೆರಳುದ್ದ. ನನ್ನ ಬ್ಯಾಗು ಕಪ್ಪು. ಅಲ್ಲಿ ಹೊಲಿಗೆ ಬಿಟ್ಟಿದ್ದೇ ನನಗೆ ಗೊತ್ತಿರಲಿಲ್ಲ. ಬಹುಶಃ ನಾನು ಫೋನು ನೋಡುತ್ತಾ ನಿಂತಿದ್ದಾಗ ಎರಡು ಸಲ ಸೂಜಿ ಆಡಿಸಿರಬೇಕು. ಕೇಳಿ ಮಾಡಲಿಲ್ಲ, ಮಾಡಿ ಹೇಳಲಿಲ್ಲ. ಹೇಳಿದ್ದರೆ ನಾನು ಖಂಡಿತ 'ನೀಲಿ ಯಾಕೆ ಹಾಕಿದ್ರಿ?' ಅನ್ನುತ್ತಿದ್ದೆ. ಅದು ಅವರಿಗೆ ಗೊತ್ತಾಗಿರಲೂಬಹುದು.

ಇದನ್ನು ಗೆಳೆಯನಿಗೆ ಹೇಳಿದೆ. ಅವನು ಕಣ್ಣು ಅರ್ಧ ಮುಚ್ಚಿ, 'ಇಂಥೋರು ಇರೋದ್ರಿಂದಾನೇ ಕಣೋ ಇನ್ನೂ ಮಳೆ ಬೆಳೆ ಆಗ್ತಿರೋದು' ಅಂದ. ನನಗೆ ಯಾಕೋ ರೇಗಿತು. ಹೊಲಿದದ್ದೂ ಅವರೇ, ಕಾಸು ಬಿಟ್ಟದ್ದೂ ಅವರೇ. ಇನ್ನು ಮಳೆಯ ಜವಾಬ್ದಾರಿಯನ್ನೂ ಅವರ ತಲೆಗೇ ಕಟ್ಟಬೇಕೆ? ಬೇಕಾದರೆ ಅವನೂ ಸ್ವಲ್ಪ ಸುರಿಸಲಿ. ಅದೂ ಅಲ್ಲದೆ, ಈ 'ಕರ್ತವ್ಯ ಮೀರಿದ ಸೇವೆ' ಅನ್ನುವ ಮಾತನ್ನು ಜಾಸ್ತಿ ಆಡುವವರು ಸಂಬಳ ಕೊಡುವ ಕಡೆಯವರೇ. ಸಂಜೆ ಆರರ ಮೇಲೂ ಕೂರಿಸಿಕೊಳ್ಳುತ್ತಾರೆ, ವರ್ಷದ ಕೊನೆಗೆ ಒಂದು ಶಾಲು, ಒಂದು ಫೋಟೋ. ಇನ್ನೊಂದು ಕಡೆ ಫೋನಿನ ಧ್ವನಿಮುದ್ರಿಕೆ 'ನಿಮ್ಮ ಕರೆ ನಮಗೆ ಅಮೂಲ್ಯ' ಎನ್ನುತ್ತಾ ಇಪ್ಪತ್ತು ನಿಮಿಷ ಕೊಳಲು ಕೇಳಿಸುತ್ತದೆ. ಅಮೂಲ್ಯವಾದದ್ದನ್ನು ಯಾರಾದರೂ ಹಾಗೆ ಬಿಸಿಲಲ್ಲಿ ನಿಲ್ಲಿಸುತ್ತಾರೆಯೇ?

ಮುಷ್ಕರದಲ್ಲಿ ಒಂದು ಬಗೆಯಿದೆ, 'ನಿಯಮದಂತೆ ಕೆಲಸ'. ಯಾರೂ ರಜೆ ಹಾಕುವುದಿಲ್ಲ, ಘೋಷಣೆ ಕೂಗುವುದಿಲ್ಲ. ಪುಸ್ತಕದಲ್ಲಿ ಬರೆದಷ್ಟನ್ನೇ, ಬರೆದ ಹಾಗೆಯೇ ಮಾಡುತ್ತಾರೆ. ಅಷ್ಟಕ್ಕೇ ರೈಲು ತಡವಾಗುತ್ತವೆ, ಕಡತ ಗುಡ್ಡೆ ಬೀಳುತ್ತವೆ. ಹಾಗಾದರೆ ಉಳಿದ ದಿನ ಅವರೆಲ್ಲ ಬರೆಯದೇ ಇದ್ದದ್ದನ್ನೂ ಮಾಡುತ್ತಿದ್ದರು ಅಂತಾಯಿತು, ಅಲ್ವಾ? ಈ ಮಾತನ್ನು ಗೆಳೆಯನಿಗೆ ಹೇಳುವುದರೊಳಗೆ ಅವನು ಮಳೆ ಬಿಟ್ಟು ಮಗನ ಅಂಕಪಟ್ಟಿಗೆ ಹೋಗಿದ್ದ.

ಇಷ್ಟೆಲ್ಲ ಯೋಚಿಸಿ ನಾನು ಮಾಡಿದ್ದೇನು? ಆ ರಸ್ತೆಗೆ ಹೋಗುವುದನ್ನೇ ಬಿಟ್ಟೆ. ಕಂಡರೆ ಏನು ಹೇಳುವುದು ಅಂತ. ಒಂದೆರಡು ಸಲ ಎದುರಿನ ಪಾದಚಾರಿ ದಾರಿಯಲ್ಲಿ ತಲೆ ತಗ್ಗಿಸಿ ನಡೆದೆ, ಸಾಲ ಕೊಟ್ಟವರ ಮನೆ ಮುಂದೆ ನಡೆಯುವ ಹಾಗೆ.

ಕಳೆದ ವಾರ ಪಕ್ಕದ ಜೇಬಿನ ಜಿಪ್ಪೂ ಬಾಯಿ ಬಿಟ್ಟಿತು. ಈ ಸಲ ನಾನು ಹೆದರಲಿಲ್ಲ. ಕಣ್ಣಾರೆ ಕಂಡ ವಿದ್ಯೆ, ಸುಂಡ್‌ಬ್ಯಾಕ್ ಬೇರೆ ಗೊತ್ತು. ಮನೆಯ ಇಕ್ಕಳ ತಂದು ರನ್ನರಿನ ಆ ಅಂಚು ಒತ್ತಿದೆ, ಈ ಅಂಚು ಒತ್ತಿದೆ. ಸಮಾಧಾನಕ್ಕೆಂದು ಇನ್ನೊಂದು ಸಲ ಒತ್ತಿದೆ. ಟಕ್ ಅಂತು.

ಈಗ ರನ್ನರ್ ಆಚೆಗೂ ಬರುವುದಿಲ್ಲ, ಈಚೆಗೂ ಬರುವುದಿಲ್ಲ. ಜೇಬಿನೊಳಗೆ ಮನೆಯ ಬೀಗದ ಕೈ ಇದೆ. ನಾಳೆ ಬೆಳಿಗ್ಗೆ ಅವರ ಹತ್ತಿರ ಹೋಗಲೇಬೇಕು. ಅವರು ತಿರುಗಿಸಿ ನೋಡಿ, ಇದಕ್ಕೆ ಮೊದಲು ಕೈ ಹಾಕಿದವರು ಯಾರು ಅಂತ ಕೇಳಿಯೇ ಕೇಳುತ್ತಾರೆ.