ನೈಟ್ರೇಟ್ ಎಷ್ಟಾದರೂ ಇರಲಿ, ಮೊದಲು ಬಾಗಿಲು ತೆಗೆಯಿರಿ

ಮೂತ್ರದಲ್ಲಿರುವ ನೈಟ್ರೇಟಿಗೂ ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಷೇಮಕ್ಕೂ ನಂಟಿದೆಯಂತೆ ಎಂಬ ಸುದ್ದಿ ಕೊನೆಗೂ ಮಲೆನಾಡನ್ನು ಮುಟ್ಟಿದೆ. ಸಂತೋಷ. ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದರೆ ತೀರ್ಥಹಳ್ಳಿಯ ಬಸ್ಸಿನಲ್ಲಿ ಕುಳಿತವರಿಗೆ ಅದು ಗೊತ್ತಾಗುವುದು ಮಣ್ಣಿನ ಗುಡ್ಡೆ ಕಣ್ಣೆದುರು ಬಂದಾಗಲೇ. ಅಮೆರಿಕದವರ ಮೂತ್ರದ ಸಮಾಚಾರವಾದರೋ ಬೆಳಗಿನ ಕಾಫಿಗೆ ಮೊದಲೇ ಮೊಬೈಲಿನಲ್ಲಿ ಹಾಜರು. ಪಕ್ಕದಲ್ಲಿ ನೈಟ್ರೇಟ್ ಹೆಚ್ಚಿರುವ ಬೀಟ್‌ರೂಟ್ ರಸದ ಲೋಟದ ಚಿತ್ರ, ಕೆಳಗೆ ಕೈಮುಗಿದ ಗುರುತು, ‘ಹತ್ತು ಜನರಿಗೆ ಕಳುಹಿಸಿ’.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೌಷ್ಟಿಕತೆ ಸಮೀಕ್ಷೆಯವರು ಅಚ್ಚುಕಟ್ಟಿನ ಜನ. 2001ರಿಂದ 2010ರವರೆಗೆ ನಲವತ್ತು ತುಂಬಿದ ಗಂಡಸರ ರಕ್ತದಲ್ಲಿ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಪ್ರೋಟೀನು ಎಷ್ಟಿದೆ ಎಂದು ಅಳೆದರು. ಮೂತ್ರದಲ್ಲಿ ನೈಟ್ರೇಟನ್ನೂ ಅಳೆದಿಟ್ಟಿದ್ದಾರೆ. ಎರಡು ಪಟ್ಟಿ ಕೈಗೆ ಸಿಕ್ಕ ಮೇಲೆ ಜಾತಕ ಕೂಡುತ್ತದೆಯೇ ಎಂದು ಯಾರಾದರೂ ನೋಡಿಯೇ ನೋಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಮೂತ್ರದ ನೈಟ್ರೇಟ್ ಮುಖ್ಯವಾಗಿ ಹೇಳುವುದು ನೀವು ನಿನ್ನೆ ಏನು ಉಂಡಿರಿ, ಎಲ್ಲಿಯ ನೀರು ಕುಡಿದಿರಿ ಎಂಬುದನ್ನು. ಹರಿವೆ ಸೊಪ್ಪಿನ ಹುಳಿ ಉಂಡವನದು ಮೇಲೆ, ಮಜ್ಜಿಗೆ ಅನ್ನ ಉಂಡು ಮಲಗಿದವನದು ಕೆಳಗೆ. ಪ್ರಾಸ್ಟೇಟ್ ಊದಿಕೊಳ್ಳುವುದು ವರ್ಷಗಟ್ಟಲೆ. ಒಂದೇ ದಿನದ ಶೀಸೆಯಲ್ಲಿ ಇದರಿಂದಲೇ ಅದಾಯಿತು ಎನ್ನುವುದಕ್ಕೆ ಆಧಾರ ಸಿಗುವುದಿಲ್ಲ. ಬೀಟ್‌ರೂಟಿನವರಿಗೆ ಆಧಾರ ಬೇಕಾಗಿಯೂ ಇಲ್ಲ ಬಿಡಿ.

ಪಿಎಸ್‌ಎ ಎಂದೊಡನೆ ತಪಾಸಣಾ ಶಿಬಿರಗಳನ್ನು ಹೊಗಳದೆ ಮುಂದೆ ಹೋಗುವುದು ಕೃತಘ್ನತೆ. ಅಡಿಕೆಗೆ ದರ ಬಂದ ವರ್ಷ ಸಮುದಾಯ ಭವನಗಳಲ್ಲಿ ಮದುವೆಗಿಂತ ಇವೇ ಹೆಚ್ಚು. ರಿಯಾಯಿತಿ ದರದಲ್ಲಿ ಇಷ್ಟು ಪರೀಕ್ಷೆ, ಜೊತೆಗೆ ಉಪ್ಪಿಟ್ಟು ಉಚಿತ. ಪಿಎಸ್‌ಎ 4ರ ಗಡಿ ದಾಟಿದರೆ ವರದಿಯಲ್ಲಿ ಕೆಂಪು ಅಕ್ಷರ, ಕ್ಯಾನ್ಸರೇ ಬಂತೆಂದು ಮನೆಯಲ್ಲಿ ಸೂತಕದ ಕಳೆ. ವಯಸ್ಸಾದಂತೆ ಅದು ಏರುತ್ತದೆ, ಗ್ರಂಥಿ ಸುಮ್ಮನೆ ಊದಿಕೊಂಡರೂ ಏರುತ್ತದೆ, ಮೂತ್ರದ ಸೋಂಕಾದರೂ ಏರುತ್ತದೆ ಎಂದು ಉಪ್ಪಿಟ್ಟಿನ ಸಾಲಿನಲ್ಲಿ ಯಾರೂ ಹೇಳುವುದಿಲ್ಲ. ಈ ಪ್ರೋಟೀನನ್ನು ಮೊದಲಿಗೆ ಗುರುತಿಸಿದವರಲ್ಲಿ ಒಬ್ಬರಾದ ರಿಚರ್ಡ್ ಆಬ್ಲಿನ್ ಅವರೇ, ಕಂಡಕಂಡವರಿಗೆಲ್ಲ ಈ ಪರೀಕ್ಷೆ ಮಾಡುವುದು ನಾಣ್ಯ ಚಿಮ್ಮಿ ನೋಡಿದಂತೆ ಎಂದು 2010ರಲ್ಲಿ ಬರೆದಿದ್ದರು. ತಿಳಿದ ವೈದ್ಯರ ಕೈಯಲ್ಲಿ ಅದು ಕೆಲಸಕ್ಕೆ ಬರುತ್ತದೆ. ಸಮುದಾಯ ಭವನದ ಮೈಕಿನ ಕೈಯಲ್ಲಿ ಅಲ್ಲ.

ಇನ್ನೊಂದು ಸೂಕ್ಷ್ಮವಿದೆ. ರಕ್ತ ಕೊಡುವ ಮೊದಲು ಎರಡು ದಿನ ದಾಂಪತ್ಯದಲ್ಲಿ ಸಂಯಮ ಇರಬೇಕು, ಇಲ್ಲದಿದ್ದರೆ ಅಂಕಿ ತುಸು ಮೇಲೇರಬಹುದು. ಶಿಬಿರಗಳಲ್ಲಿ ಇದನ್ನು ಕೇಳುವವರು ಅಪರೂಪ. ಹೊಸನಗರದ ಕಡೆ ಒಬ್ಬಳು ಧೈರ್ಯಸ್ಥೆ ಹುಡುಗಿ ಸೂಜಿ ಹಿಡಿದು ಕೇಳಿಯೇ ಬಿಟ್ಟಳು. ‘ಅಜ್ಜಾ, ಎರಡು ದಿನದಿಂದ ಪಥ್ಯದಲ್ಲಿ ಇದ್ದೀರಲ್ಲ?’ ಅಜ್ಜನಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕವಳದ ಸಂಚಿ ಬಿಚ್ಚುತ್ತಿದ್ದ ಅಜ್ಜಿಗೆ ಆಯಿತು. ತಲೆಯೆತ್ತದೆಯೇ, ‘ಬರೆದುಕೋ ತಂಗಿ, ಕಿರಿ ಮಗಳ ಮದುವೆಯಾದಾಗಿನಿಂದ’ ಎಂದರು.

ಇರಲಿ. ನೈಟ್ರೇಟ್ ಬೇಕೇ ಬೇಕು ಎನ್ನುವವರು ಬೀಟ್‌ರೂಟಿಗೆ ದುಡ್ಡು ಹಾಕುವುದೇಕೆ? ಬೋರ್‌ವೆಲ್ ನೀರು ಕುಡಿದರಾಯಿತು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ದೇಶದ 440 ಜಿಲ್ಲೆಗಳ ಅಂತರ್ಜಲದಲ್ಲಿ ನೈಟ್ರೇಟ್ ಮಿತಿ ಮೀರಿದೆ, ಮುಂದಿನ ಸಾಲಿನ ರಾಜ್ಯಗಳಲ್ಲಿ ಕರ್ನಾಟಕಕ್ಕೂ ಗೌರವದ ಸ್ಥಾನವಿದೆ. ಕುಡಿಯುವ ನೀರಿಗೆ ನಮ್ಮ ಮಾನಕ ಬ್ಯೂರೋ ಹಾಕಿದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಯೂರಿಯಾ ಚೀಲದ ತೂಕ 45 ಕಿಲೋ. ಹೊಂದಾಣಿಕೆ ಎಂದರೆ ಇದು! ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಸಾಕು ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ, ಪಕ್ಕದ ತೋಟದವನು ಎಷ್ಟು ಹಾಕಿದ ಎಂದು ನೋಡಿ ನಾವು ಹಾಕುತ್ತೇವೆ. ಮರ ಕುಡಿದು ಬಿಟ್ಟದ್ದು ನೈಟ್ರೇಟಾಗಿ ಮಳೆಯೊಂದಿಗೆ ಇಳಿದು ಬಾವಿ ಸೇರುತ್ತದೆ, ಬಚ್ಚಲ ಗುಂಡಿ, ಕೊಟ್ಟಿಗೆಗಳ ಕಾಣಿಕೆಯೂ ಅದಕ್ಕೆ ಕೂಡುತ್ತದೆ. ‘ನಾವು ಕುದಿಸಿಯೇ ಕುಡಿಯುವುದು’ ಎನ್ನುತ್ತೀರಾ? ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಸೊಪ್ಪಿನ ನೈಟ್ರೇಟ್ ಬೇರೆ ಲೆಕ್ಕ, ಅದರ ಜೊತೆಗೆ ಸೊಪ್ಪಿನ ಬೇರೆ ಸತ್ವಗಳೂ ಇರುತ್ತವೆ. ಬಾಟಲಿ ಹಾಲು ಕುಡಿಯುವ ಕೂಸಿಗೆ ಈ ನೀರು ಕಲಸಿ ಕೊಟ್ಟರೆ ಮೈ ನೀಲಿಗಟ್ಟುವ ಅಪಾಯವಿದೆ.

ಕುಡಿಯುವ ನೀರನ್ನು ಊರಿನಲ್ಲೇ ಪರೀಕ್ಷಿಸಲೆಂದು ಜಲ ಜೀವನ್ ಮಿಷನ್ ಅಡಿಯಲ್ಲಿ ಕಿಟ್ ಕೊಟ್ಟಿದ್ದಾರೆ, ಊರಿಗೆ ಐವರು ಹೆಂಗಸರಿಗೆ ತರಬೇತಿ ಎಂಬ ನಿಯಮವೂ ಇದೆ. ನಾನು ಕಂಡ ಕಿಟ್ ಒಂದು ಪಂಚಾಯಿತಿಯ ಕಪಾಟಿನಲ್ಲಿ, ಪ್ಲಾಸ್ಟಿಕ್ ಸುತ್ತಿದ ಹಾಗೆಯೇ, ಕಳೆದ ಚುನಾವಣೆಯ ಮಸಿ ಬಾಟಲಿಯ ಪಕ್ಕದಲ್ಲಿ ಕುಳಿತಿತ್ತು. ದ್ರಾವಣದ ಅವಧಿ ಮುಗಿದಿತ್ತು.

ಇಷ್ಟು ಹೊತ್ತು ನಕ್ಕದ್ದು ಸಾಕು. ಪ್ರಾಸ್ಟೇಟ್ ಊದಿದ ಅರವತ್ತೈದರ ರೈತ ಬೆಳಿಗ್ಗೆ ಊರು ಬಿಟ್ಟು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಾನೆ. ಅವನಿಗೆ ಜಲಬಾಧೆ ಹೇಳಿ ಕೇಳಿ ಬರುವುದಿಲ್ಲ, ಬಂದರೆ ತಡೆಯಲಾಗುವುದಿಲ್ಲ. ಬಸ್ ನಿಂತಲ್ಲಿ ಶೌಚಾಲಯವಿದೆ, ಉದ್ಘಾಟಿಸಿದವರ ಹೆಸರಿನ ಕಲ್ಲಿದೆ, ಬಾಗಿಲಿಗೆ ಬೀಗವಿದೆ. ಅವನ ರಕ್ತ ಬೇಕಾದವರಿದ್ದಾರೆ, ಮೂತ್ರ ಬೇಕಾದವರಿದ್ದಾರೆ, ಅವನಿಗೆ ರಸ ಮಾರುವವರಿದ್ದಾರೆ. ಆ ಮನುಷ್ಯನಿಗೆ ಮಾನವಾಗಿ ಒಂದಕ್ಕೆ ಹೋಗಲು ಒಂದು ಗೋಡೆಯ ಮರೆ ಇಲ್ಲ. ಅವನ ಹೆಂಡತಿಯಂತೂ ಪೇಟೆಗೆ ಹೊರಡುವ ದಿನ ಬೆಳಿಗ್ಗೆಯಿಂದ ನೀರನ್ನೇ ಮುಟ್ಟುವುದಿಲ್ಲ. ಆಮೇಲೆ ವಾರಗಟ್ಟಲೆ ಉರಿಮೂತ್ರ, ಮಾತ್ರೆ, ಬಾರ್ಲಿ ನೀರು. ಇದಕ್ಕೆ ಯಾವ ಸಂಶೋಧನೆಯೂ ಬೇಕಾಗಿಲ್ಲ. ನಾಚಿಕೆ ಬೇಕು.

ಬೀಗ ಯಾಕೆ ಎಂದು ಅಲ್ಲಿಯ ಕಚೇರಿಯಲ್ಲಿ ವಿಚಾರಿಸಿದೆ. ಹಳೆಯ ಗುತ್ತಿಗೆ ಮುಗಿದಿದೆ, ಹೊಸ ಟೆಂಡರ್ ಆಗಬೇಕು ಎಂದರು. ಅಲ್ಲಿಯವರೆಗೆ? ‘ಹಿಂದುಗಡೆ ಹೋಗಿ ಸಾರ್, ಎಲ್ಲರೂ ಹೋಗುತ್ತಾರೆ.’ ಹೆಂಗಸರು ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. ಹೊಸ ಟೆಂಡರಿನಲ್ಲಿ ಅವರಿಗೆ ಪ್ರತ್ಯೇಕ ಕಲಮು ಸೇರಿಸಿದ್ದಾರಂತೆ.